ರಸ್ತೆಯಿಂದ ಆಸ್ಪತ್ರೆಯವರೆಗೆ: ದೇಹಹಾನಿ ಮತ್ತು ಸುರಕ್ಷತಾ ನಿಯಮಗಳ ಅವಲೋಕನ

ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟವನ್ನು ನಿತ್ಯ ಓದುವವರಿಗೆ ಎರಡು ನುಡಿಗಟ್ಟುಗಳು ಚಿರಪರಿಚಿತವಾಗಿವೆ. ಒಂದು, ‘ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ’. ಇನ್ನೊಂದು, ‘ಚಿಕಿತ್ಸೆ ಫಲಕಾರಿಯಾಗದೆ’. ಮೊದಲನೆಯದು ಪೊಲೀಸ್ ಠಾಣೆಯ ಪ್ರಥಮ ವರ್ತಮಾನ ವರದಿಯ ಭಾಷೆ. ಎರಡನೆಯದು ಆಸ್ಪತ್ರೆಯ ಹೊಸ್ತಿಲಲ್ಲಿ ಕೇಳಿಬರುವ ಭಾಷೆ. ರಸ್ತೆ ಅಪಘಾತದಲ್ಲಿ ಗಾಯಗೊಂಡು ಕೆಲವು ಗಂಟೆಗಳ ಅಥವಾ ದಿನಗಳ ಬಳಿಕ ತೀರಿಕೊಂಡವರ ಸುದ್ದಿಯಲ್ಲಿ ಇವೆರಡೂ ಸಾಮಾನ್ಯವಾಗಿ ಒಂದೇ ವಾಕ್ಯದೊಳಗೆ ಬಂದು ಕೂಡುತ್ತವೆ. ಮೊದಲ ನುಡಿಗಟ್ಟು ಒಬ್ಬ ಚಾಲಕನನ್ನು ಬೊಟ್ಟುಮಾಡಿ ತೋರಿಸುತ್ತದೆ. ಎರಡನೆಯದು ಯಾರನ್ನೂ ತೋರಿಸುವುದಿಲ್ಲ. ಪೆಟ್ಟು ಬಿದ್ದ ಕ್ಷಣಕ್ಕೂ ಪ್ರಾಣ ಹೋದ ಕ್ಷಣಕ್ಕೂ ನಡುವೆ ಏನೇನು ನಡೆಯಿತು, ಅಲ್ಲಿ ಯಾವ ನಿಯಮ ಪಾಲನೆಯಾಯಿತು, ಯಾವುದು ಆಗಲಿಲ್ಲ ಎಂಬ ವಿಚಾರಕ್ಕೆ ಆ ವಾಕ್ಯದಲ್ಲಿ ಸ್ಥಳವಿಲ್ಲ.

ಇದು ಪತ್ರಿಕಾಭಾಷೆಯ ದೋಷವಷ್ಟೇ ಅಲ್ಲ. ಸಾರಿಗೆ ಮತ್ತು ಆರೋಗ್ಯಸೇವೆ ಎಂಬ ಎರಡು ಕ್ಷೇತ್ರಗಳಲ್ಲಿ ದೇಹಹಾನಿಯನ್ನು ತಡೆಯುವ ನಿಯಮಗಳು ನಮ್ಮ ದೇಶದಲ್ಲಿ ಬೆಳೆದುಬಂದ ರೀತಿಯೇ ಅಂಥದು. ಗಾಯಾಳುವಿನ ಪಾಲಿಗೆ ಪೆಟ್ಟು, ಸಾಗಾಟ, ಚಿಕಿತ್ಸೆ, ಚೇತರಿಕೆ ಇವು ಒಂದೇ ಸರಣಿಯ ಘಟನೆಗಳು. ನಿಯಮಗಳ ಪಾಲಿಗೆ ಅವು ಬೇರೆ ಬೇರೆ ಇಲಾಖೆಗಳ ವ್ಯವಹಾರಗಳು. ರಸ್ತೆಗೆ ಸಂಬಂಧಿಸಿದ ನಿಯಮಗಳು ಬಹುಪಾಲು ಶಾಸನದ ರೂಪದಲ್ಲಿ, ಹಾನಿ ಸಂಭವಿಸುವ ಮೊದಲೇ ಬರೆಯಲ್ಪಟ್ಟವು. ಆಸ್ಪತ್ರೆಗೆ ಸಂಬಂಧಿಸಿದ ನಿಯಮಗಳಲ್ಲಿ ಮುಖ್ಯವಾದವು ಹಾನಿ ಸಂಭವಿಸಿದ ಮೇಲೆ ನ್ಯಾಯಾಲಯಗಳ ತೀರ್ಪುಗಳಿಂದ ಮೂಡಿದವು. ಇವೆರಡರ ನಡುವಣ ಅವಧಿಗೆ, ಎಂದರೆ ರಸ್ತೆಯಿಂದ ಆಸ್ಪತ್ರೆಯ ಮಂಚದವರೆಗಿನ ದಾರಿಗೆ, ನಿಯಮಗಳು ಎಲ್ಲಕ್ಕಿಂತ ತಡವಾಗಿ ಬಂದವು. ಹೆಚ್ಚಿನ ಬೆಲೆ ತೆತ್ತದ್ದು ಆ ಅವಧಿಯಲ್ಲಿಯೇ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಒಂದೇ ಕಲಮಿನಡಿ ಚಾಲಕ ಮತ್ತು ವೈದ್ಯ

ಭಾರತೀಯ ದಂಡ ಸಂಹಿತೆಗೆ 1870ರಲ್ಲಿ ಸೇರ್ಪಡೆಯಾದ 304-ಎ ಕಲಂ ದುಡುಕಿನ ಅಥವಾ ನಿರ್ಲಕ್ಷ್ಯದ ಕೃತ್ಯದಿಂದ ಉಂಟಾದ ಮರಣಕ್ಕೆ ಗರಿಷ್ಠ ಎರಡು ವರ್ಷಗಳ ಕಾರಾವಾಸವನ್ನು ವಿಧಿಸುತ್ತಿತ್ತು. ಮೋಟಾರು ವಾಹನಗಳು ಈ ದೇಶದ ರಸ್ತೆಗಿಳಿಯುವುದಕ್ಕೆ ಮೊದಲೇ ರೂಪುಗೊಂಡ ಈ ಕಲಮಿನಡಿ ಮುಂದೆ ಲಾರಿ ಚಾಲಕನೂ ಶಸ್ತ್ರವೈದ್ಯನೂ ಒಟ್ಟಿಗೆ ನಿಲ್ಲಬೇಕಾಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಂ ಈ ಜೊತೆಗಾರಿಕೆಯನ್ನು ಇನ್ನೂ ಸ್ಪಷ್ಟಪಡಿಸಿತು. ಅದರ ಮೊದಲ ಉಪಕಲಂ ಸಾಮಾನ್ಯ ನಿರ್ಲಕ್ಷ್ಯಕ್ಕೆ ಐದು ವರ್ಷಗಳವರೆಗಿನ ಶಿಕ್ಷೆಯನ್ನು ಹೇಳಿ, ವೈದ್ಯಕೀಯ ಪ್ರಕ್ರಿಯೆಯಲ್ಲಿ ನಿರತನಾದ ನೋಂದಾಯಿತ ವೈದ್ಯನಿಗೆ ಎರಡು ವರ್ಷಗಳ ಮಿತಿಯನ್ನು ಇಟ್ಟಿತು. ಎರಡನೆಯ ಉಪಕಲಂ, ಮರಣಕ್ಕೆ ಕಾರಣನಾಗಿ ಪೊಲೀಸರಿಗಾಗಲೀ ದಂಡಾಧಿಕಾರಿಗಾಗಲೀ ತಿಳಿಸದೆ ಪರಾರಿಯಾದ ಚಾಲಕನಿಗೆ ಹತ್ತು ವರ್ಷಗಳವರೆಗಿನ ಶಿಕ್ಷೆಯನ್ನು ಸೂಚಿಸಿತು. 2024ರ ಜನವರಿಯಲ್ಲಿ ಸರಕು ವಾಹನ ಚಾಲಕರು ನಡೆಸಿದ ಮುಷ್ಕರದ ಬಳಿಕ, ಮರುತಿಂಗಳ ಅಧಿಸೂಚನೆಯು ಈ ಎರಡನೆಯ ಉಪಕಲಮನ್ನು ಜಾರಿಯಿಂದ ಹೊರಗಿಟ್ಟಿತು.

ವೈದ್ಯನಿಗೆ ದೊರೆತ ಈ ರಿಯಾಯಿತಿಯ ಹಿನ್ನೆಲೆ 2005ರ ಆಗಸ್ಟ್ 5ರ ಜೇಕಬ್ ಮ್ಯಾಥ್ಯೂ ಪ್ರಕರಣದ ತೀರ್ಪಿನಲ್ಲಿದೆ. ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರು ಬರೆದ ಈ ತೀರ್ಪು ವೈದ್ಯನ ಮೇಲೆ ದಂಡನೀಯ ಆರೋಪ ಹೊರಿಸಬೇಕಾದರೆ ನಿರ್ಲಕ್ಷ್ಯವು ‘ಅತಿಶಯ’ದ್ದಾಗಿರಬೇಕು, ತನಿಖಾಧಿಕಾರಿಯು ಮೊದಲು ಮತ್ತೊಬ್ಬ ಸಮರ್ಥ ವೈದ್ಯನ ಸ್ವತಂತ್ರ ಅಭಿಪ್ರಾಯ ಪಡೆಯಬೇಕು, ಚಾಲಕನನ್ನು ಬಂಧಿಸುವಂತೆ ವೈದ್ಯನನ್ನು ಯಾಂತ್ರಿಕವಾಗಿ ಬಂಧಿಸಕೂಡದು ಎಂದು ನಿರ್ದೇಶಿಸಿತು. ಕಾಯಿಲೆಯೊಡನೆ ಸೆಣಸುವವನ ಕೈ ನಡುಗುವಂತಾದರೆ ಹಾನಿ ರೋಗಿಗೇ ಎಂಬ ಅದರ ತರ್ಕ ಒಪ್ಪತಕ್ಕದ್ದೇ. ಆದರೆ ಇದೇ ತರ್ಕವನ್ನು, ದಿನಕ್ಕೆ ಹದಿನಾಲ್ಕು ಗಂಟೆ ಸ್ಟಿಯರಿಂಗ್ ಹಿಡಿಯುವ ಚಾಲಕನ ವಿಷಯದಲ್ಲಿ ಯಾರೂ ಗಂಭೀರವಾಗಿ ಪರಿಶೀಲಿಸಿದಂತಿಲ್ಲ. ಮೋಟಾರು ಸಾರಿಗೆ ಕಾರ್ಮಿಕರ ಕೆಲಸದ ಅವಧಿಯನ್ನು ದಿನಕ್ಕೆ ಎಂಟು ಗಂಟೆಗಳಿಗೆ ಮಿತಗೊಳಿಸುವ ಶಾಸನ 1961ರಲ್ಲಿಯೇ ರಚಿತವಾಗಿತ್ತು ಎಂಬುದು ಹೆದ್ದಾರಿಯ ಢಾಬಾಗಳಲ್ಲಿ ಮಧ್ಯರಾತ್ರಿ ಚಹಾ ಕುಡಿಯುವವರಿಗೆ ವಿನೋದವಾಗಿ ಕೇಳಿಸೀತು.

ಇನ್ನೊಂದು ಅಂಶವೂ ಗಮನಾರ್ಹ. ನರಹತ್ಯೆಯನ್ನು ನಿರೂಪಿಸುವ ಹಳೆಯ ಸಂಹಿತೆಯ 299ನೆಯ ಕಲಮಿಗೆ ಒಂದು ವಿವರಣೆಯಿತ್ತು. ಹೊಸ ಸಂಹಿತೆಯ 100ನೆಯ ಕಲಮಿನಲ್ಲಿಯೂ ಅದು ಉಳಿದಿದೆ. ದೇಹಗಾಯದಿಂದ ಮರಣ ಸಂಭವಿಸಿದಾಗ, ಸರಿಯಾದ ಉಪಚಾರ ಮತ್ತು ನಿಪುಣ ಚಿಕಿತ್ಸೆಯಿಂದ ಆ ಮರಣವನ್ನು ತಪ್ಪಿಸಬಹುದಾಗಿತ್ತಾದರೂ, ಗಾಯಮಾಡಿದವನೇ ಮರಣಕ್ಕೆ ಕಾರಣನೆಂದು ಭಾವಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಈ ವಿವರಣೆಯು ಉದ್ದೇಶಪೂರ್ವಕ ಹತ್ಯೆಗೆ ಸಂಬಂಧಿಸಿದ ಅಧ್ಯಾಯಕ್ಕೆ ಸೇರಿದ್ದು, ನಿರ್ಲಕ್ಷ್ಯದ ಪ್ರಕರಣಗಳಿಗೆ ನೇರವಾಗಿ ಹೊಂದುವಂಥದಲ್ಲ. ಆದರೂ ಅದರ ಹಿಂದಿರುವ ಮನೋಧರ್ಮ ವ್ಯಾಪಕವಾದುದು. ಪೆಟ್ಟು ಕೊಟ್ಟವನು ಸಿಕ್ಕಿದ ಮೇಲೆ, ಬಳಿಕ ನಡೆದುದರ ವಿಚಾರಣೆ ಅನಾವಶ್ಯಕವೆಂಬ ಭಾವನೆ ಅದು. ಅಪರಾಧಿಯನ್ನು ಗುರುತಿಸಲು ಇದು ಸಾಕಾಗಬಹುದು, ಮುಂದಿನ ಗಾಯಾಳುವನ್ನು ಉಳಿಸಲು ಸಾಲದು.

ರಸ್ತೆಯ ನಿಯಮಗಳು

ಅಪರಾಧಿಯ ಹುಡುಕಾಟದಿಂದ ಹಾನಿಯ ಅಧ್ಯಯನದ ಕಡೆಗೆ ರಸ್ತೆ ಸುರಕ್ಷತೆಯ ಚಿಂತನೆಯನ್ನು ತಿರುಗಿಸಿದವರಲ್ಲಿ ವೈದ್ಯರೇ ಪ್ರಮುಖರು. ಅಮೆರಿಕದ ವಿಲಿಯಂ ಹ್ಯಾಡನ್ ವೈದ್ಯಕೀಯ ಶಿಕ್ಷಣ ಪಡೆದವರು. 1966ರಲ್ಲಿ ಆ ದೇಶ ಸ್ಥಾಪಿಸಿದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಮೊದಲ ಮುಖ್ಯಸ್ಥರು. ಢಿಕ್ಕಿಗೆ ಮೊದಲು, ಢಿಕ್ಕಿಯ ಕ್ಷಣ, ಢಿಕ್ಕಿಯ ಅನಂತರ ಎಂದು ಕಾಲವನ್ನು ಮೂರಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ಮನುಷ್ಯ, ವಾಹನ ಮತ್ತು ಪರಿಸರದ ಪಾಲನ್ನು ಬೇರೆಬೇರೆಯಾಗಿ ನೋಡಬೇಕೆಂದು ಅವರು ಸೂಚಿಸಿದರು. ಢಿಕ್ಕಿಯ ಅನಂತರದ ಅವಧಿಯನ್ನೂ ರಸ್ತೆ ಸುರಕ್ಷತೆಯ ಭಾಗವೆಂದು ಎಣಿಸಿದ್ದು ಈ ಕೋಷ್ಟಕದ ಹೆಚ್ಚುಗಾರಿಕೆ. ಬ್ರಿಟನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ 2001ರಲ್ಲಿ ‘ಆಕ್ಸಿಡೆಂಟ್’ ಎಂಬ ಪದವನ್ನೇ ತನ್ನ ಪುಟಗಳಿಂದ ದೂರವಿಡಲು ನಿರ್ಧರಿಸಿದ್ದೂ ಇದೇ ದೃಷ್ಟಿಯ ಮುಂದುವರಿಕೆ. ಆಕಸ್ಮಿಕ ಎಂದೊಡನೆ ತಡೆಯಲಾಗದ್ದು ಎಂಬ ಧ್ವನಿ ಬಂದುಬಿಡುತ್ತದೆ ಎಂಬುದು ಅದರ ಆಕ್ಷೇಪ. ಕನ್ನಡದಲ್ಲಿ ರೂಢಿಗೆ ಬಂದಿರುವ ‘ಅಪಘಾತ’ ಪದದಲ್ಲಿ ಪೆಟ್ಟಿನ ಅರ್ಥವಿದೆಯೇ ಹೊರತು ಆಕಸ್ಮಿಕತೆಯ ಅರ್ಥ ಮೂಲತಃ ಇಲ್ಲ. ಆ ಮಟ್ಟಿಗೆ ನಮ್ಮ ಪದ ಹೆಚ್ಚು ಪ್ರಾಮಾಣಿಕವಾದುದು.

ಶಿರಸ್ತ್ರಾಣದ ಇತಿಹಾಸವೂ ಆಸ್ಪತ್ರೆಯ ಒಳಗಿನಿಂದಲೇ ಆರಂಭವಾಗುತ್ತದೆ. ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾದ ಟಿ.ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದು, ಪ್ರಜ್ಞೆ ಮರಳದೆ ಆರು ದಿನಗಳ ಬಳಿಕ ತೀರಿಕೊಂಡರು. ಅವರನ್ನು ನೋಡಲು ಕರೆಸಲಾಗಿದ್ದ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಈ ಸಾವನ್ನು ಮರೆಯಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯ ಸಂದೇಶವಾಹಕ ಸವಾರರ ತಲೆಗಾಯಗಳನ್ನು ಅಭ್ಯಸಿಸಿ 1941ರಲ್ಲಿ ಅವರು ಪ್ರಕಟಿಸಿದ ಲೇಖನ ಶಿರಸ್ತ್ರಾಣ ಧರಿಸಿದವರಲ್ಲಿ ಗಾಯದ ತೀವ್ರತೆ ಕಡಿಮೆಯಿರುವುದನ್ನು ತೋರಿಸಿತು. ಬ್ರಿಟಿಷ್ ಸೇನೆ ಅದೇ ವರ್ಷ ತನ್ನ ಸವಾರರಿಗೆ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿತು. ಆ ದೇಶದ ನಾಗರಿಕರಿಗೆ ಅದೇ ನಿಯಮ ಬರಲು 1973ರವರೆಗೆ ಕಾಯಬೇಕಾಯಿತು. ಸಾಕ್ಷ್ಯ ದೊರೆತ ಮೇಲೂ ನಿಯಮ ರೂಪುಗೊಳ್ಳಲು ಮೂರು ದಶಕಗಳು ಬೇಕಾದವು ಎಂಬುದು ನಮ್ಮ ವಿಳಂಬಗಳನ್ನು ಅಳೆಯುವಾಗ ನೆನಪಿನಲ್ಲಿಡತಕ್ಕ ಸಂಗತಿ.

ಭಾರತದಲ್ಲಿ 1988ರ ಮೋಟಾರು ವಾಹನಗಳ ಅಧಿನಿಯಮದ 129ನೆಯ ಕಲಂ ದ್ವಿಚಕ್ರ ವಾಹನ ಸವಾರನಿಗೂ ಹಿಂಬದಿ ಸವಾರನಿಗೂ ಶಿರಸ್ತ್ರಾಣವನ್ನು ವಿಧಿಸುತ್ತದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ ಈ ನಿಯಮ ನಿಜವಾಗಿ ಅನ್ವಯಗೊಂಡದ್ದು 2016ರ ಜನವರಿಯಲ್ಲಿ. ತಲೆಯ ಮೇಲೆ ಇದ್ದರೆ ಸಾಲದು, ಗದ್ದದ ಪಟ್ಟಿಯನ್ನು ಬಿಗಿದಿರಬೇಕು ಎಂಬುದು ಕಲಮಿನಲ್ಲಿಯೇ ಅಡಕವಾಗಿರುವ ಷರತ್ತು. ಪೊಲೀಸರ ಕಣ್ಣಿಗೆ ಬೀಳಲೆಂದಷ್ಟೇ ತಲೆಗೇರುವ, ರಸ್ತೆಬದಿಯಲ್ಲಿ ಅಗ್ಗದ ಬೆಲೆಗೆ ಮಾರಾಟವಾಗುವ ಅರೆಟೋಪಿಗಳು ನಿಯಮದ ಅಕ್ಷರವನ್ನೂ ಪಾಲಿಸುವುದಿಲ್ಲ, ಆಶಯವನ್ನೂ ಪಾಲಿಸುವುದಿಲ್ಲ. 2021ರ ಜೂನ್ 1ರಿಂದ ಭಾರತೀಯ ಮಾನಕ ಬ್ಯೂರೋದ ಗುರುತಿಲ್ಲದ ದ್ವಿಚಕ್ರ ಶಿರಸ್ತ್ರಾಣಗಳ ತಯಾರಿಕೆ ಮತ್ತು ಮಾರಾಟ ನಿಷಿದ್ಧವಾಗಿದೆ. ಉತ್ತಮ ಶಿರಸ್ತ್ರಾಣವು ಮರಣದ ಸಂಭವವನ್ನು ಶೇಕಡ 42ರಷ್ಟೂ ತಲೆಗಾಯದ ಸಂಭವವನ್ನು ಶೇಕಡ 69ರಷ್ಟೂ ತಗ್ಗಿಸುತ್ತದೆ ಎಂಬುದು 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ಕಾಕ್ರೇನ್ ಸಮೀಕ್ಷೆಯ ಅಂದಾಜು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಅಂಕಿಅಂಶಗಳಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಮಂದಿ ಮೃತರಾದರು. 4,43,366 ಮಂದಿ ಗಾಯಗೊಂಡರು. ಮೃತರಲ್ಲಿ 50,029 ಮಂದಿ ಶಿರಸ್ತ್ರಾಣ ಧರಿಸದ ದ್ವಿಚಕ್ರ ಸವಾರರು, 16,715 ಮಂದಿ ಆಸನಪಟ್ಟಿ ಕಟ್ಟಿಕೊಳ್ಳದ ವಾಹನ ಪ್ರಯಾಣಿಕರು. ಕರ್ನಾಟಕವೊಂದರಲ್ಲೇ ಆ ವರ್ಷ ಸತ್ತವರು 11,702. ಈ ಸಂಖ್ಯೆಗಳನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಸತ್ತವರು ಎಂಬ ಒಂದೇ ಶೀರ್ಷಿಕೆಯಡಿ ಸ್ಥಳದಲ್ಲೇ ಸತ್ತವರೂ, ದಾರಿಯಲ್ಲಿ ಸತ್ತವರೂ, ಮಂಚದ ಮೇಲೆ ಸತ್ತವರೂ ಸೇರಿಹೋಗಿದ್ದಾರೆ. ಮೊದಲನೆಯ ಗುಂಪನ್ನು ಉಳಿಸಬಲ್ಲದ್ದು ಬಹುಮಟ್ಟಿಗೆ ರಸ್ತೆ, ವಾಹನ ಮತ್ತು ವೇಗದ ನಿಯಮ. ಉಳಿದ ಎರಡು ಗುಂಪುಗಳ ಗತಿಯನ್ನು ನಿರ್ಧರಿಸುವುದು ಬೇರೆಯೇ ನಿಯಮಗಳು.

ನಡುವಿನ ಗಂಟೆ

ಈ ನಡುವಿನ ಅವಧಿಯ ಕಾನೂನು ಒಂದು ಪತ್ರಿಕಾ ವರದಿಯಿಂದ ಹುಟ್ಟಿತು. ಸ್ಕೂಟರ್ ಸವಾರನೊಬ್ಬನಿಗೆ ಕಾರೊಂದು ಢಿಕ್ಕಿ ಹೊಡೆಯಿತು. ದಾರಿಹೋಕನೊಬ್ಬ ಗಾಯಾಳುವನ್ನು ಹತ್ತಿರದ ಆಸ್ಪತ್ರೆಗೆ ಒಯ್ದ. ಇಂಥ ಕಾನೂನು ಸಂಬಂಧಿತ ಪ್ರಕರಣಗಳನ್ನು ನೋಡುವ ಅಧಿಕಾರ ತಮಗಿಲ್ಲವೆಂದು ಹೇಳಿ ಅಲ್ಲಿನ ವೈದ್ಯರು ಇಪ್ಪತ್ತು ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಹೋಗುವಂತೆ ಸೂಚಿಸಿದರು. ಗಾಯಾಳು ದಾರಿಯಲ್ಲಿ ಅಸುನೀಗಿದ. ಕಾನೂನೇ ಗಾಯಾಳುವನ್ನು ಸಾಯಲು ಬಿಡುತ್ತಿದೆ ಎಂಬರ್ಥದ ಶೀರ್ಷಿಕೆಯಲ್ಲಿ ಪ್ರಕಟವಾದ ಈ ವರದಿಯನ್ನು ಮುಂದಿಟ್ಟುಕೊಂಡು ಪರಮಾನಂದ ಕಟಾರಾ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕರು. 1989ರ ಆಗಸ್ಟ್ 28ರಂದು ನ್ಯಾಯಮೂರ್ತಿಗಳಾದ ರಂಗನಾಥ ಮಿಶ್ರ ಮತ್ತು ಜಿ.ಎಲ್. ಓಝಾ ಅವರ ಪೀಠ ನೀಡಿದ ತೀರ್ಪು, ಜೀವರಕ್ಷಣೆಯು ಸಂವಿಧಾನದ 21ನೆಯ ಅನುಚ್ಛೇದದಡಿ ಬರುವ ಬಾಧ್ಯತೆಯೆಂದೂ, ಸರ್ಕಾರಿಯಾಗಲಿ ಖಾಸಗಿಯಾಗಲಿ ಪ್ರತಿಯೊಬ್ಬ ವೈದ್ಯನೂ ಮೊದಲು ಜೀವ ಉಳಿಸಬೇಕೆಂದೂ, ಯಾವ ಕಾಗದಪತ್ರದ ವಿಧಿಯೂ ಇದಕ್ಕೆ ಅಡ್ಡಬರುವಂತಿಲ್ಲವೆಂದೂ ಸಾರಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕಾದ ಅಂಶವೊಂದಿದೆ. ಗಾಯಾಳುವನ್ನು ಮುಟ್ಟಬಾರದೆಂದು ಯಾವ ಶಾಸನವೂ ಹೇಳಿರಲಿಲ್ಲ. ‘ಎಂ.ಎಲ್.ಸಿ. ಕೇಸು’ ಎಂದು ಆಸ್ಪತ್ರೆಯ ಸಿಬ್ಬಂದಿಯ ಬಾಯಲ್ಲಿ ಕನ್ನಡದ್ದೇ ಆಗಿಹೋಗಿರುವ ಈ ವರ್ಗೀಕರಣ ಸಾಕ್ಷ್ಯ ಸಂರಕ್ಷಣೆಗಾಗಿ ಹುಟ್ಟಿಕೊಂಡ ಆಡಳಿತಾತ್ಮಕ ಪದ್ಧತಿ. ಗಾಯದ ಪ್ರಮಾಣಪತ್ರ ಬರೆಯಬೇಕು, ಪೊಲೀಸರಿಗೆ ತಿಳಿಸಬೇಕು, ವರ್ಷಗಳ ಬಳಿಕ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕು ಎಂಬ ಹೊರೆಯಿಂದ ನುಣುಚಿಕೊಳ್ಳುವ ಪ್ರವೃತ್ತಿ ಕ್ರಮೇಣ ನಿಯಮದ ವೇಷ ತೊಟ್ಟಿತು. ಆದುದರಿಂದಲೇ ನ್ಯಾಯಾಲಯವು ವೈದ್ಯರಿಗೆ ಕರ್ತವ್ಯವನ್ನು ವಿಧಿಸುವುದರ ಜೊತೆಗೆ, ಪೊಲೀಸರೂ ನ್ಯಾಯವಾದಿಗಳೂ ಅವರನ್ನು ಅನಾವಶ್ಯಕವಾಗಿ ಅಲೆದಾಡಿಸಕೂಡದೆಂದು ಎಚ್ಚರಿಸಿತು. ಕರ್ತವ್ಯದ ಭಾಗ ಪ್ರಸಿದ್ಧವಾಯಿತು. ಎಚ್ಚರಿಕೆಯ ಭಾಗವನ್ನು ಬಹಳ ಮಂದಿ ಮರೆತರು.

1994ರ ತಿದ್ದುಪಡಿಯು ಈ ತತ್ತ್ವವನ್ನು ಮೋಟಾರು ವಾಹನಗಳ ಅಧಿನಿಯಮದ 134ನೆಯ ಕಲಮಿಗೆ ತಂದು, ವಿಧಿವಿಧಾನಗಳಿಗೆ ಕಾಯದೆ ಕೂಡಲೇ ಚಿಕಿತ್ಸೆ ನೀಡುವುದು ಕರ್ತವ್ಯನಿರತ ವೈದ್ಯನ ಹೊಣೆಯೆಂದು ಘೋಷಿಸಿತು. ರಸ್ತೆಯ ಶಾಸನವೊಂದು ಆಸ್ಪತ್ರೆಯ ಒಳಗೆ ಕಾಲಿಟ್ಟ ಅಪರೂಪದ ಸಂದರ್ಭವಿದು. ಕರ್ನಾಟಕದ ಮಟ್ಟಿಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವೂ ಅಪಘಾತದ ಗಾಯಾಳುಗಳಿಗೆ ಪ್ರಥಮ ಚಿಕಿತ್ಸೆ ಹಾಗೂ ಜೀವರಕ್ಷಕ ಕ್ರಮಗಳನ್ನು ಖಾಸಗಿ ಆಸ್ಪತ್ರೆಗಳ ಬಾಧ್ಯತೆಯನ್ನಾಗಿ ಮಾಡಿತು.

ಬಾಧ್ಯತೆ ಇದ್ದರೂ ಮಂಚವಿಲ್ಲದಿದ್ದರೆ? 1992ರ ಜುಲೈನಲ್ಲಿ ಪಶ್ಚಿಮ ಬಂಗಾಳದ ಕೃಷಿಕಾರ್ಮಿಕನೊಬ್ಬ ರೈಲಿನಿಂದ ಬಿದ್ದು ತಲೆಗೆ ಗಂಭೀರ ಪೆಟ್ಟಾಯಿತು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗಳು ಸ್ಥಳವಿಲ್ಲ, ಸೌಲಭ್ಯವಿಲ್ಲ ಎಂಬ ಕಾರಣ ನೀಡಿ ಅವನನ್ನು ಮುಂದಕ್ಕೆ ಸಾಗಹಾಕಿದವು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು ಹದಿನೇಳು ಸಾವಿರ ರೂಪಾಯಿ ತೆತ್ತು ಅವನು ಬದುಕಿಕೊಂಡ. ಅವನ ಪರವಾಗಿ ಕೃಷಿಕಾರ್ಮಿಕರ ಸಂಘಟನೆ ಹೂಡಿದ ದಾವೆಯಲ್ಲಿ 1996ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯ 25,000 ರೂಪಾಯಿ ಪರಿಹಾರವನ್ನು ಮಂಜೂರು ಮಾಡಿ, ಹಣದ ಅಭಾವವನ್ನು ಮುಂದೊಡ್ಡಿ ರಾಜ್ಯವು ಈ ಹೊಣೆಯಿಂದ ಪಾರಾಗುವಂತಿಲ್ಲವೆಂದಿತು. ಯಾವ ಆಸ್ಪತ್ರೆಯಲ್ಲಿ ಮಂಚ ಖಾಲಿಯಿದೆಯೆಂದು ತಿಳಿಸುವ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಬೇಕೆಂದು ಆ ತೀರ್ಪು ಅಂದೇ ಸೂಚಿಸಿತ್ತು. ಸಂಪರ್ಕ ಸಾಧನಗಳು ಇಷ್ಟು ಬೆಳೆದ ಮೇಲೂ ಗಾಯಾಳುವಿನ ಬಂಧುಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗುವ ದೃಶ್ಯ ನಿಂತಿಲ್ಲವೆಂದರೆ ಕೊರತೆ ತಂತ್ರಜ್ಞಾನದ್ದಲ್ಲ.

ವೈದ್ಯನ ಹಿಂಜರಿಕೆಯಷ್ಟೇ ಗಂಭೀರವಾದುದು ದಾರಿಹೋಕನ ಹಿಂಜರಿಕೆ. ಗಾಯಾಳುವನ್ನು ಎತ್ತಿದವನೇ ಢಿಕ್ಕಿ ಹೊಡೆದವನೆಂಬ ಶಂಕೆ, ಠಾಣೆಯಲ್ಲಿ ಕಾಯಿಸುವಿಕೆ, ಆಸ್ಪತ್ರೆಯಲ್ಲಿ ಮುಂಗಡ ಹಣದ ಬೇಡಿಕೆ ಇವುಗಳ ಭಯದಿಂದ ಜನ ಸುತ್ತ ನೆರೆದು ನಿಲ್ಲುವರೇ ಹೊರತು ಮುಂದೆ ಬರುತ್ತಿರಲಿಲ್ಲ. ಕಾನೂನು ಆಯೋಗ 2006ರ ಆಗಸ್ಟಿನಲ್ಲಿ ಸಲ್ಲಿಸಿದ 201ನೆಯ ವರದಿಯಲ್ಲಿ ತುರ್ತು ಚಿಕಿತ್ಸೆಗೆಂದೇ ಪ್ರತ್ಯೇಕ ಶಾಸನವನ್ನು ಸೂಚಿಸಿದ್ದರೂ, ದಾರಿಹೋಕನಿಗೆ ರಕ್ಷಣೆ ದೊರೆತದ್ದು ದಶಕದ ಬಳಿಕ. ಕೇಂದ್ರ ಸರ್ಕಾರವು 2015ರ ಮೇ ತಿಂಗಳಲ್ಲಿ ಹೊರಡಿಸಿದ ಮಾರ್ಗಸೂಚಿಗಳಿಗೆ ಸರ್ವೋಚ್ಚ ನ್ಯಾಯಾಲಯ 2016ರ ಮಾರ್ಚ್ 30ರಂದು ಕಾನೂನಿನ ಬಲ ನೀಡಿತು. ಅದೇ ವರ್ಷ ಕರ್ನಾಟಕ ವಿಧಾನಮಂಡಲವು ಗಾಯಾಳುವಿಗೆ ನೆರವಾಗುವ ‘ಗುಡ್ ಸಮರಿಟನ್’ ಹಾಗೂ ವೈದ್ಯ ವೃತ್ತಿನಿರತರ ರಕ್ಷಣೆಗೆ ಪ್ರತ್ಯೇಕ ವಿಧೇಯಕವನ್ನು ಅಂಗೀಕರಿಸಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತಾಗ, ಇಂಥ ಶಾಸನ ಹೊಂದಿದ ಮೊದಲ ರಾಜ್ಯವೆಂಬ ಹೆಸರು ಕರ್ನಾಟಕಕ್ಕೆ ಬಂತು. 2019ರ ತಿದ್ದುಪಡಿಯಿಂದ ಕೇಂದ್ರ ಶಾಸನದಲ್ಲಿಯೂ 134-ಎ ಕಲಂ ಸೇರಿ, ಪ್ರತಿಫಲದ ನಿರೀಕ್ಷೆಯಿಲ್ಲದೆ ಸದ್ಭಾವದಿಂದ ನೆರವಾದವನ ಮೇಲೆ ಸಿವಿಲ್ ಅಥವಾ ದಂಡನೀಯ ಹೊಣೆ ಬರದಂತಾಯಿತು. 2020ರ ನಿಯಮಗಳಂತೆ ಅವನ ಹೆಸರು, ವಿಳಾಸ ಕೇಳಿ ಒತ್ತಾಯಿಸುವಂತಿಲ್ಲ. ಅವನ ಹಕ್ಕುಗಳ ಸನ್ನದನ್ನು ಪ್ರತಿಯೊಂದು ಆಸ್ಪತ್ರೆಯೂ ಹಿಂದಿ ಮತ್ತು ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಯಲ್ಲಿಯೂ ಎದ್ದುಕಾಣುವಂತೆ ಪ್ರದರ್ಶಿಸಬೇಕು. ಕನ್ನಡದಲ್ಲಿ ಈ ಫಲಕ ಎಷ್ಟು ಆಸ್ಪತ್ರೆಗಳ ಬಾಗಿಲಲ್ಲಿದೆಯೆಂದು ಪರೀಕ್ಷಿಸುವುದು ಯಾವ ಸಂಶೋಧಕನಿಗೂ ಕಷ್ಟದ ಕೆಲಸವಲ್ಲ.

‘ಸುವರ್ಣ ಗಂಟೆ’ ಎಂಬ ಪರಿಕಲ್ಪನೆಯೂ ಇದೇ ತಿದ್ದುಪಡಿಯಲ್ಲಿ ಶಾಸನದ ಪರಿಭಾಷೆಯಾಯಿತು. ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿ ಅವರಿಂದ ಪ್ರಚಾರಕ್ಕೆ ಬಂದ ಈ ಮಾತಿನಲ್ಲಿ ಅರುವತ್ತು ನಿಮಿಷವೆಂಬ ಎಣಿಕೆಗೆ ಗಟ್ಟಿಯಾದ ವೈಜ್ಞಾನಿಕ ಆಧಾರವಿಲ್ಲವೆಂದು ಅನಂತರದ ವಿಮರ್ಶಕರು ತೋರಿಸಿದ್ದಾರೆ. ರಕ್ತಸ್ರಾವದಲ್ಲಿ ಹತ್ತು ನಿಮಿಷವೂ ಹೆಚ್ಚಾಗಬಹುದು. ಮೂಳೆ ಮುರಿತದಲ್ಲಿ ಎರಡು ಗಂಟೆಯೂ ಬಾಧಕವಾಗದಿರಬಹುದು. ಆದರೂ ಶಾಸನವು ಗಾಯದ ಅನಂತರದ ಒಂದು ಗಂಟೆ ಎಂದೇ ಅದನ್ನು ನಿರೂಪಿಸಿದೆ. ಇದರ ಪ್ರಯೋಜನವಿರುವುದು ಹಣಕಾಸಿನ ಹೊಣೆಯನ್ನು ಗಡಿಯಾರಕ್ಕೆ ಕಟ್ಟಿಹಾಕುವುದರಲ್ಲಿ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರಂಭವಾದ ‘ಆರೋಗ್ಯ ಕವಚ 108’ ಆಂಬುಲೆನ್ಸ್ ಸೇವೆ ಸಾಗಾಟದ ಸಮಸ್ಯೆಯನ್ನು ಬಹುಮಟ್ಟಿಗೆ ಹಗುರಗೊಳಿಸಿತ್ತು. ತುಮಕೂರು ಹೆದ್ದಾರಿಯಲ್ಲಿ ಮಾರಣಾಂತಿಕವಾಗಿ ಗಾಯಗೊಂಡು, ಸಾಯುವ ಮುನ್ನ ಅಂಗದಾನದ ಇಚ್ಛೆ ವ್ಯಕ್ತಪಡಿಸಿದ ತರುಣನ ಸ್ಮರಣೆಯಲ್ಲಿ 2016ರಲ್ಲಿ ರೂಪುಗೊಂಡ ‘ಮುಖ್ಯಮಂತ್ರಿ ಸಾಂತ್ವನ ಹರೀಶ್’ ಯೋಜನೆಯು ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ಭರಿಸುವ ವ್ಯವಸ್ಥೆ ಮಾಡಿತು. ಗಾಯಾಳು ಯಾವ ರಾಜ್ಯದವನೆಂಬ ಪ್ರಶ್ನೆಯನ್ನು ಅದು ಎತ್ತಲಿಲ್ಲ. 2019ರ ತಿದ್ದುಪಡಿ ಕೇಂದ್ರಕ್ಕೆ ವಿಧಿಸಿದ್ದ ನಗದುರಹಿತ ಚಿಕಿತ್ಸಾ ಯೋಜನೆ, ಸರ್ವೋಚ್ಚ ನ್ಯಾಯಾಲಯದ ಒತ್ತಾಯದ ಬಳಿಕ, 2025ರ ಮೇ 5ರಂದು ಅಧಿಸೂಚಿತವಾಯಿತು. ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ಅದು ಅನ್ವಯಿಸುತ್ತದೆ. ಶಾಸನಕ್ಕೂ ಯೋಜನೆಗೂ ನಡುವೆ ಕಳೆದುಹೋದದ್ದು ಆರು ವರ್ಷ.

ಆಸ್ಪತ್ರೆಯ ಒಳಗೆ

ಆಸ್ಪತ್ರೆ ತಲುಪಿದೊಡನೆ ಗಾಯಾಳು ಸುರಕ್ಷಿತನೆಂದು ಭಾವಿಸುವುದು ಸಹಜ. 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು ಪ್ರಕಟಿಸಿದ ವರದಿ, ಆ ದೇಶದ ಆಸ್ಪತ್ರೆಗಳಲ್ಲಿ ತಪ್ಪುಗಳಿಂದಾಗಿ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿರಬಹುದೆಂದು ಅಂದಾಜು ಮಾಡಿ ಈ ನಂಬಿಕೆಯನ್ನು ಅಲುಗಿಸಿತು. ತಪ್ಪು ಔಷಧ, ತಪ್ಪು ಪ್ರಮಾಣ, ತಪ್ಪು ಬದಿಯ ಶಸ್ತ್ರಕ್ರಿಯೆ, ಸೋಂಕು, ಮಂಚದಿಂದ ಬೀಳುವಿಕೆ ಇವು ಅಲ್ಲಿಯ ಅಪಾಯಗಳು. ಪ್ರಜ್ಞೆಯಿಲ್ಲದ, ಬಂಧುಗಳಿಲ್ಲದ, ಹೆಸರೇ ತಿಳಿಯದ ಅಪಘಾತದ ರೋಗಿಗೆ ಇವೆಲ್ಲ ಇಮ್ಮಡಿ. ಇತರ ರೋಗಿಗಳು ತಮಗೆ ಒಗ್ಗದ ಔಷಧದ ಹೆಸರನ್ನಾದರೂ ಹೇಳಬಲ್ಲರು.

ಈ ಕ್ಷೇತ್ರದಲ್ಲಿ ಆಸ್ಪತ್ರೆ ಸಾರಿಗೆಯಿಂದ ಕಲಿತದ್ದುಂಟು. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೊದಲ್ಲಿ ಬೋಯಿಂಗ್ ಕಂಪನಿಯ ಹೊಸ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ನೆಲಕ್ಕಪ್ಪಳಿಸಿತು. ನುರಿತ ಚಾಲಕ ಬೀಗವೊಂದನ್ನು ತೆಗೆಯಲು ಮರೆತದ್ದು ಕಾರಣವೆಂದು ತಿಳಿದಾಗ, ಚಾಲಕನಿಗೆ ಇನ್ನಷ್ಟು ತರಬೇತಿ ನೀಡುವುದಕ್ಕಿಂತ, ಮರೆಯದಂತೆ ಒಂದು ಪಟ್ಟಿ ಮಾಡುವುದು ಮೇಲೆಂದು ಸೇನೆಯ ಚಾಲಕರು ನಿರ್ಧರಿಸಿದರು. ಆ ಪಟ್ಟಿಯ ಸಂಪ್ರದಾಯವನ್ನೇ ಶಸ್ತ್ರಕ್ರಿಯಾ ಕೊಠಡಿಗೆ ತಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹತ್ತೊಂಬತ್ತು ಅಂಶಗಳ ಪರಿಶೀಲನಾ ಪಟ್ಟಿಯನ್ನು ಹೊರತಂದಿತು. ಅರಿವಳಿಕೆಗೆ ಮೊದಲು, ಕತ್ತರಿ ಆಡಿಸುವ ಮೊದಲು, ರೋಗಿಯನ್ನು ಹೊರಗೊಯ್ಯುವ ಮೊದಲು ಹೀಗೆ ಮೂರು ಸಲ ತಂಡ ನಿಂತು, ಗಟ್ಟಿಯಾಗಿ ಓದಿ, ಖಚಿತಪಡಿಸಿಕೊಳ್ಳಬೇಕು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿದಾಗ ಮರಣಪ್ರಮಾಣ ಶೇಕಡ 1.5ರಿಂದ 0.8ಕ್ಕೂ, ತೊಡಕುಗಳ ಪ್ರಮಾಣ ಶೇಕಡ 11ರಿಂದ 7ಕ್ಕೂ ಇಳಿದವೆಂದು 2009ರಲ್ಲಿ ವರದಿಯಾಯಿತು. ಕಿರಿಯ ದಾದಿಯೊಬ್ಬಳು ಹಿರಿಯ ಶಸ್ತ್ರವೈದ್ಯನನ್ನು ತಡೆದು ಪ್ರಶ್ನಿಸುವ ಅಧಿಕಾರವನ್ನು ಈ ಕಾಗದ ನೀಡುತ್ತದೆ. ಶ್ರೇಣೀಕರಣ ಬಲವಾಗಿರುವ ನಮ್ಮ ಆಸ್ಪತ್ರೆಗಳಲ್ಲಿ ಪಟ್ಟಿಗೆ ಟಿಕ್ ಹಾಕುವುದು ಸುಲಭ, ಪ್ರಶ್ನೆ ಕೇಳುವುದು ಕಷ್ಟ.

ಕಡ್ಡಾಯ ನಿಯಮವು ಆಸ್ಪತ್ರೆಯೊಳಗೂ ಫಲಿಸಬಲ್ಲದೆಂಬುದಕ್ಕೆ ರಕ್ತನಿಧಿಗಳು ಒಳ್ಳೆಯ ನಿದರ್ಶನ. 1996ರ ಜನವರಿಯ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಪರವಾನಗಿಯಿಲ್ಲದ ರಕ್ತನಿಧಿಗಳು ಮುಚ್ಚಬೇಕಾಯಿತು. 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ಮಾರುವ ಪದ್ಧತಿ ನಿಷಿದ್ಧವಾಯಿತು. ಪ್ರತಿಯೊಂದು ಘಟಕವನ್ನೂ ಎಚ್.ಐ.ವಿ., ಎರಡು ಬಗೆಯ ಹೆಪಟೈಟಿಸ್, ಸಿಫಿಲಿಸ್ ಮತ್ತು ಮಲೇರಿಯಾಗಳಿಗೆ ಪರೀಕ್ಷಿಸುವುದು ಶಾಸನಬದ್ಧವಾಗಿದೆ. ಉಳಿದ ಬಹುಪಾಲು ಸುರಕ್ಷತಾ ಕ್ರಮಗಳು ಐಚ್ಛಿಕ ಮಾನ್ಯತೆಯ ಷರತ್ತುಗಳಾಗಿ ಉಳಿದಿವೆ.

ಹಾನಿ ಸಂಭವಿಸಿದ ಮೇಲೆ ಪರಿಹಾರದ ದಾರಿಯಲ್ಲಿಯೂ ಒಂದು ವಿಪರ್ಯಾಸವಿದೆ. 1995ರ ನವೆಂಬರ್ 13ರ ತೀರ್ಪು ವೈದ್ಯಕೀಯ ಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾನೂನಿನ ವ್ಯಾಪ್ತಿಗೆ ತಂದಿತು. ಆದರೆ ಎಲ್ಲರಿಗೂ ಉಚಿತವಾಗಿಯೇ ಸೇವೆ ನೀಡುವ ಆಸ್ಪತ್ರೆಯನ್ನು ಹೊರಗಿಟ್ಟಿತು. ರಸ್ತೆಯಲ್ಲಿ ಬಿದ್ದ ಬಡವನನ್ನು ಮೊದಲು ಸೇರಿಸುವುದು ಸಾಮಾನ್ಯವಾಗಿ ಅಂಥ ಆಸ್ಪತ್ರೆಗೇ. ಅವನಿಗೆ ಉಳಿಯುವ ದಾರಿ ಸಿವಿಲ್ ನ್ಯಾಯಾಲಯ ಇಲ್ಲವೆ ರಿಟ್ ಅರ್ಜಿ ಮಾತ್ರ.

ನ್ಯಾಯಮಂಡಳಿಯ ಮುಂದೆ

ರಸ್ತೆಯ ಗಾಯ ಮತ್ತು ವೈದ್ಯನ ಮಾತು ಮತ್ತೆ ಸಂಧಿಸುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಈ ವಿಷಯದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಮೇಲೇರಿದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಕೊಡುಗೆ ವಿಶೇಷ ಉಲ್ಲೇಖಕ್ಕೆ ಅರ್ಹವಾಗಿದೆ. ರೋಗಿಯ ಸಮ್ಮತಿಯಿಲ್ಲದೆ, ಜೀವಾಪಾಯದ ತುರ್ತು ಇಲ್ಲದೆ, ಒಂದು ಪರೀಕ್ಷೆಗೆ ಪಡೆದ ಒಪ್ಪಿಗೆಯನ್ನು ಇನ್ನೊಂದು ಶಸ್ತ್ರಕ್ರಿಯೆಗೆ ವಿಸ್ತರಿಸಕೂಡದೆಂಬ 2008ರ ತೀರ್ಪು, ಮರಣ ಪ್ರಕರಣಗಳಲ್ಲಿ ಪರಿಹಾರ ಗಣನೆಯ ಕ್ರಮವನ್ನು ಏಕರೂಪಗೊಳಿಸಿದ 2009ರ ಸರಳಾ ವರ್ಮಾ ತೀರ್ಪು, ಶಾಶ್ವತ ಅಂಗವೈಕಲ್ಯವನ್ನು ಕುರಿತ 2010ರ ರಾಜಕುಮಾರ್ ತೀರ್ಪು ಈ ಮೂರನ್ನೂ ಬರೆದವರು ಅವರೇ. ಆಸ್ಪತ್ರೆಯ ದೇಹಹಾನಿ ಮತ್ತು ರಸ್ತೆಯ ದೇಹಹಾನಿ ಎರಡನ್ನೂ ಒಂದೇ ಲೇಖನಿ ಎದುರಿಸಿದ ಅಪರೂಪದ ಸಂದರ್ಭವಿದು.

ಮೂರನೆಯ ತೀರ್ಪು ಬಿಡಿಸಿದ ಗೊಂದಲ ನಿತ್ಯದ್ದು. ವೈದ್ಯ ಪ್ರಮಾಣೀಕರಿಸುವ ಅಂಗವೈಕಲ್ಯದ ಶೇಕಡವಾರು ಪ್ರಮಾಣ ಮತ್ತು ಗಳಿಕೆಯ ಸಾಮರ್ಥ್ಯದಲ್ಲಿ ಆಗುವ ನಷ್ಟ ಇವು ಒಂದೇ ಅಲ್ಲ. ಎಡಗೈ ಕಳೆದುಕೊಂಡವನ ವೈಕಲ್ಯ ಸುಮಾರು ಶೇಕಡ 60 ಎನ್ನೋಣ. ಅವನು ಚಾಲಕ ಅಥವಾ ಬಡಗಿಯಾಗಿದ್ದರೆ ಅವನ ಗಳಿಕೆ ಪೂರ್ತಿ ನಿಂತುಹೋಗಬಹುದು. ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸವೇ ಹೋಗದಿರಬಹುದು. ಆದ್ದರಿಂದ ಗಾಯಾಳು ಮೊದಲು ಏನು ಮಾಡುತ್ತಿದ್ದ, ಈಗ ಏನು ಮಾಡಬಲ್ಲ, ಏನು ಮಾಡಲಾರ ಎಂಬುದನ್ನು ನ್ಯಾಯಮಂಡಳಿ ವಿಚಾರಿಸಿಯೇ ತೀರ್ಮಾನಿಸಬೇಕು. ಚಿಕಿತ್ಸೆ ನೀಡದ ವೈದ್ಯರು ಸಿದ್ಧಪಡಿಸಿ ಕೊಡುವ ದಿಢೀರ್ ಪ್ರಮಾಣಪತ್ರಗಳ ಬಗ್ಗೆ ಆ ತೀರ್ಪು ಕಟುವಾಗಿ ಎಚ್ಚರಿಸಿದೆ. ಅದೇ ಉಸಿರಿನಲ್ಲಿ, ಚಿಕಿತ್ಸೆ ನೀಡಿದ ವೈದ್ಯರು ಸಾಕ್ಷಿ ಹೇಳಲು ಬರಲೊಲ್ಲದಿರುವುದಕ್ಕೆ ಅವರ ಸಮಯವನ್ನು ನ್ಯಾಯಾಲಯಗಳು ಹಾಳುಮಾಡುವುದೂ ಒಂದು ಕಾರಣವೆಂದು ಗುರುತಿಸಿ, ಅವರಿಗೆ ನಿಗದಿತ ಸಮಯ ನೀಡುವುದು, ಅಗತ್ಯವಿದ್ದಲ್ಲಿ ಆಯುಕ್ತರ ಮೂಲಕ ಹೇಳಿಕೆ ಪಡೆಯುವುದು ಮೊದಲಾದ ಕ್ರಮಗಳನ್ನು ನ್ಯಾಯಮಂಡಳಿಗಳಿಗೆ ಸೂಚಿಸಿದೆ. ಗಾಯಾಳುವನ್ನು ಇಪ್ಪತ್ತು ಕಿಲೋಮೀಟರ್ ದೂರಕ್ಕೆ ಅಟ್ಟಿದ ಭಯಕ್ಕೆ ಮೂಲವಾದ ಕೋರ್ಟಿನ ಅಲೆದಾಟಕ್ಕೆ ಕಾರ್ಯರೂಪದ ಉತ್ತರವೊಂದು ದೊರೆತದ್ದು, ಹೀಗೆ, ಎರಡು ದಶಕಗಳ ಬಳಿಕ, ಪರಿಹಾರದ ಲೆಕ್ಕಾಚಾರಕ್ಕೆ ಸಂಬಂಧಿಸಿದ ತೀರ್ಪೊಂದರ ಕೊನೆಯ ಭಾಗದಲ್ಲಿ.